ಗುಹೆ ಅಗೆದ ಮೇಷ್ಟ್ರು

ಹೋದ ವಾರ ನಮ್ಮ ವಿಜ್ಞಾನದ ಮೇಷ್ಟ್ರು ಇಂಗ್ಲೆಂಡಿನ ಒಬ್ಬ ಮೇಷ್ಟ್ರ ಕಥೆ ಹೇಳಿದರು. ಆವತ್ತಿನಿಂದ ನನಗೆ ಅದೇ ಗುಂಗು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ವಿಲಿಯಂ ಪೆಂಗೆಲಿ. ಹುಟ್ಟಿದ್ದು 1812ರಲ್ಲಿ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ತಂದೆಯ ಹಡಗಿನಲ್ಲಿ ಕೆಲಸಕ್ಕೆ ಸೇರಿದರು. ನನಗಿಂತ ಒಂದು ವರ್ಷ ಚಿಕ್ಕವರು! ಮುಂದೆ ತಾವೇ ಓದಿಕೊಂಡು, ಟಾರ್ಕೀ ಎಂಬ ಕಡಲ ತೀರದ ಊರಿನಲ್ಲಿ ಶಾಲೆ ತೆರೆದು ಮೇಷ್ಟ್ರಾದರು. ಕಲ್ಲು, ಮಣ್ಣು, ಗುಹೆ ಅಂದರೆ ಅವರಿಗೆ ಹುಚ್ಚು.

ಆ ಊರಿನಲ್ಲಿ ಕೆಂಟ್ಸ್ ಕ್ಯಾವರ್ನ್ ಎಂಬ ಸುಣ್ಣಕಲ್ಲಿನ ಗುಹೆ ಇದೆ. ಮೇಲಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಅದರ ನೆಲಕ್ಕೆ ಗಾರೆ ಹಾಕಿದ ಹಾಗೆ ಗಟ್ಟಿ ಪದರ ಕಟ್ಟಿತ್ತು. 1820ರ ದಶಕದಲ್ಲಿ ಮ್ಯಾಕ್‌ಎನರಿ ಎಂಬ ಪಾದ್ರಿ ಆ ಪದರದ ಕೆಳಗೆ ಮನುಷ್ಯರು ಮಾಡಿದ ಕಲ್ಲಿನ ಆಯುಧಗಳನ್ನೂ, ಈಗ ಭೂಮಿಯ ಮೇಲೆಯೇ ಇಲ್ಲದ ಪ್ರಾಣಿಗಳ ಮೂಳೆಗಳನ್ನೂ ಒಟ್ಟಿಗೆ ಕಂಡರು. ಅಂದರೆ ಆ ಪ್ರಾಣಿಗಳಿದ್ದಾಗಲೇ ಮನುಷ್ಯರೂ ಇದ್ದರು! ದೊಡ್ಡ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಯಾರೋ ಆಮೇಲೆ ಗುಂಡಿ ತೋಡಿದ್ದಾರೆ, ಆಯುಧ ಒಳಗೆ ಬಿದ್ದಿದೆ ಅಂದುಬಿಟ್ಟರು. ಪಾದ್ರಿ 1841ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟದ್ದು ಅವರು ಬದುಕಿರುವಾಗ ಅಚ್ಚಾಗಲೇ ಇಲ್ಲ. ಪಾಪ ಅನ್ನಿಸಿತು. ಬಹಳ ವರ್ಷದ ಮೇಲೆ ಪೆಂಗೆಲಿಯವರೇ ಅದನ್ನು ಅಚ್ಚು ಹಾಕಿಸಿದರು.

1858ರಲ್ಲಿ ಹತ್ತಿರದ ಬ್ರಿಕ್ಸ್‌ಹ್ಯಾಂನಲ್ಲಿ ಯಾರೂ ಕೈ ಹಾಕದ ಹೊಸ ಗುಹೆಯೊಂದು ಸಿಕ್ಕಿತು. ಪೆಂಗೆಲಿಯವರು ಅದನ್ನು ಅಗೆಸಿದರು. ಒಡೆಯದೇ ಇದ್ದ ಪದರದ ಕೆಳಗೇ ಆಯುಧ ಸಿಕ್ಕಿತು! ಆಮೇಲೆ 1865ರಿಂದ 1880ರವರೆಗೆ, ಹದಿನೈದು ವರ್ಷ, ಕೆಂಟ್ಸ್ ಕ್ಯಾವರ್ನ್ ಅಗೆಸಿದರು. ಹೇಗೆ ಗೊತ್ತೇ? ನೆಲವನ್ನು ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ತುಂಡುಗಳಾಗಿ ಗುರುತು ಮಾಡಿ ಒಂದೊಂದೇ ತೆಗೆಸುವುದು. ಮಣ್ಣನ್ನು ಮೊದಲು ಒಳಗೇ ಮೇಣದ ಬತ್ತಿಯ ಬೆಳಕಿನಲ್ಲಿ ನೋಡುವುದು, ಆಮೇಲೆ ಹೊರಗೆ ತಂದು ಹಗಲು ಬೆಳಕಿನಲ್ಲಿ ಮತ್ತೆ ನೋಡುವುದು. ಒಂದು ತುಂಡಿನಲ್ಲಿ ಸಿಕ್ಕಿದ್ದೆಲ್ಲ ಒಂದು ಪೆಟ್ಟಿಗೆಗೆ. ಯಾವ ದಿನ, ಯಾವ ಜಾಗ, ಎಷ್ಟು ಆಳ ಎಂದು ಚೀಟಿ. ಹೀಗೆ 80,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು.

ಆ ಗುಹೆಯ ಕಲ್ಲಿನ ಮೇಲೆ ಯಾರೋ ತಮ್ಮ ಹೆಸರು, 1688 ಎಂಬ ಇಸವಿ ಕೆತ್ತಿದ್ದರು. (ನಮ್ಮ ಗುಡಿ ಕಂಬದ ಮೇಲೂ ಕೆಲವರು ಕೆತ್ತಿದ್ದಾರೆ, ಹೆಸರು ಬರೆಯುವುದಿಲ್ಲ!) ಸುಮಾರು ಇನ್ನೂರು ವರ್ಷ ಕಳೆದರೂ ಅದರ ಮೇಲೆ ತೆಳ್ಳನೆ ಪೊರೆ ಮಾತ್ರ ಬಂದಿತ್ತು. ಹಾಗಾದರೆ ಅಡಿಗಟ್ಟಲೆ ದಪ್ಪದ ಪದರಕ್ಕೆ ಎಷ್ಟು ವರ್ಷ? ನಾನು ಲೆಕ್ಕ ಮಾಡಲು ಹೊರಟೆ. "ನೀರು ಎಲ್ಲಾ ಕಾಲದಲ್ಲೂ ಒಂದೇ ಸಮ ತೊಟ್ಟಿಕ್ಕಲ್ಲ ಕಣೋ. ಬಹಳ ಹಳೇದು ಅಂತ ಮಾತ್ರ ಹೇಳಬಹುದು" ಅಂದರು ಮೇಷ್ಟ್ರು.

ಹೋದ ಬೇಸಿಗೆ ನಮ್ಮ ಹೊಲದಲ್ಲಿ ಬಾವಿ ತೋಡುವಾಗ ನಾನು ಮಡಕೆ ಚೂರು ಆರಿಸಿ ಡಬ್ಬಿಗೆ ಹಾಕಿದ್ದೆ. ಈ ಕಥೆ ಕೇಳಿದ ರಾತ್ರಿ ತೆಗೆದು ನೋಡಿದೆ. ಹನ್ನೊಂದು ಚೂರು. ಎರಡು ಕಪ್ಪು, ಉಳಿದವು ಕೆಂಪು. ಕಪ್ಪು ಚೂರು ಮೇಲೆ ಸಿಕ್ಕಿದ್ದೋ ಆಳದಲ್ಲಿ ಸಿಕ್ಕಿದ್ದೋ ನನಗೇ ನೆನಪಿಲ್ಲ. ಅಪ್ಪನನ್ನು ಕೇಳಿದೆ. "ಅದ್ಯಾರು ನೋಡಿದ್ರು, ಮಲ್ಕೋ" ಅಂದರು.