ಕಿವಿಯೋಲೆಯ 12 ಅಂಕಿ

ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳಲ್ಲಿ ದನಗಳಿಗೆ ಔಷಧ ಮಾಡುತ್ತ ಕಲಿತದ್ದನ್ನು, ಈಗಷ್ಟೇ ಕೆಲಸ ಶುರುಮಾಡಿರುವ ವೈದ್ಯರಿಗೆಂದು ಬರೆಯುತ್ತಿದ್ದೇನೆ.

1. ದಾಖಲೆ ಯಜಮಾನನ ಹೆಸರಲ್ಲಿ ಬೇಡ, ಓಲೆಯ ಸಂಖ್ಯೆಯಲ್ಲಿರಲಿ. ಒಂದೇ ಊರಲ್ಲಿ ನಾಲ್ಕು ಮಂದಿ ಮುನಿಯಪ್ಪ ಇರುತ್ತಾರೆ, ನಾಲ್ವರ ಕೊಟ್ಟಿಗೆಯಲ್ಲೂ ಕಪ್ಪು ಬಿಳುಪಿನ ಎಚ್‌ಎಫ್ ಮಿಶ್ರತಳಿ. ಹಳದಿ ಓಲೆಯ 12 ಅಂಕಿ ಮಾತ್ರ ಒಂದೇ ರಾಸಿನದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕೈ ಬದಲಾದರೂ ಅದು ಜೊತೆಗೇ ಹೋಗುತ್ತದೆ. ಓಲೆ ಹರಿದುಬಿದ್ದು ಹೊಸದು ಹಾಕಿಸಿದರೆ, ಹಳೆಯ ಸಂಖ್ಯೆಯನ್ನು ಹೊಡೆದುಹಾಕದೆ ಪಕ್ಕದಲ್ಲೇ ಹೊಸದನ್ನು ಬರೆಯಿರಿ.

2. ಸೆಮೆನ್ ಹಾಕಿಸಿದ ದಿನಾಂಕವನ್ನು ಕೇಳಿ ಬಿಡಬೇಡಿ, ಚೀಟಿ ನೋಡಿ ಬರೆದುಕೊಳ್ಳಿ. ಒಮ್ಮೆ ಒಬ್ಬ ಹುಡುಗ, ‘ಹಸು ಬೆದೆಗೇ ಬರ್ತಿಲ್ಲ ಡಾಕ್ಟ್ರೇ, ಈ ಸಲ ಇನ್ನೂ ಇಂಜೆಕ್ಷನ್ ಹಾಕಿಸಿಲ್ಲ’ ಅಂದ. ಕೈ ಹಾಕಿ ನೋಡಿದೆ, ಗಬ್ಬ ತಿಳಿಯಲಿಲ್ಲ. ಬೆದೆಗೆ ತರಲು ಪ್ರೊಸ್ಟಗ್ಲಾಂಡಿನ್ ಕೊಟ್ಟೆ. ಮೂರನೇ ದಿನ ಬೆದೆಗೆ ಬಂತು. ಅಷ್ಟರಲ್ಲಿ ಮದುವೆಗೆ ಹೋಗಿದ್ದ ಅವನ ತಾಯಿ ಬಂದು ಸೆರಗಿನ ಗಂಟು ಬಿಚ್ಚಿ ಚೀಟಿ ತೋರಿಸಿದರು. ನಾನು ಸೂಜಿ ಚುಚ್ಚಿದ ದಿನಕ್ಕೆ ಸೆಮೆನ್ ಹಾಕಿ 38 ದಿನ ಆಗಿತ್ತು. ಅಷ್ಟು ಎಳೆಯ ಗಬ್ಬ ಕೈಗೆ ಸಿಗುವುದು ಕಷ್ಟ. ಅದನ್ನು ಕಳೆದದ್ದು ನನ್ನ ಔಷಧಿಯೇ. ಆಕೆ ಬೈಯಲಿಲ್ಲ. ‘ಇನ್ನು ಕರು ಯಾವಾಗ್ಲೋ’ ಅಂದರು, ಅಷ್ಟೇ. ಅಂದಿನಿಂದ ನನ್ನ ಪುಸ್ತಕದ ಪ್ರತಿ ಪುಟದ ತಲೆಯಲ್ಲಿ ಮೂರು ಖಾನೆ: ಕರು ಹಾಕಿದ್ದು, ಸೆಮೆನ್ ಹಾಕಿದ್ದು, ಗಬ್ಬ ನೋಡಿದ್ದು. ಅವು ಖಾಲಿಯಿದ್ದರೆ ಆ ಸೂಜಿ ಪೆಟ್ಟಿಗೆಯಿಂದ ಹೊರಬರುವುದಿಲ್ಲ.

3. ಕೆಚ್ಚಲು ಬಾವಿಗೆ ನಾಲ್ಕು ಸೊನ್ನೆ ಬರೆದು, ಬಾತಿರುವ ಮೊಲೆಯದ್ದನ್ನು ತುಂಬಿಸಿ. ಮುಂದಿನ ಸೂಲಿನಲ್ಲಿ ಅದೇ ಮೊಲೆ ಮತ್ತೆ ಬಾತರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಆಂಟಿಬಯೋಟಿಕ್ ಕೊಟ್ಟಾಗ ‘ಮೂರು ದಿನ ಹಾಲು ಬೇಡ’ ಎಂದು ಬರೆಯಬೇಡಿ. ಎಂದಿನಿಂದ ಎಂಬ ಗೊಂದಲ ಅಲ್ಲೇ ಹುಟ್ಟುವುದು. ‘ಗುರುವಾರ ಸಂಜೆಯಿಂದ ಡೈರಿಗೆ ಹಾಕಿ’ ಎಂದು ಬರೆಯಿರಿ.

4. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬರುತ್ತದೆ, ಒಂದು ಸಲ ಬರೆಯುವುದು ತಪ್ಪಿದರೂ ಮುಂದಿನ ಸುತ್ತಿನಲ್ಲಿ ಸರಿಹೋದೀತು. ಕಂದು ರೋಗದ್ದು ಹಾಗಲ್ಲ. 4ರಿಂದ 8 ತಿಂಗಳ ಹೆಣ್ಣುಗರುವಿಗೆ ಜೀವಮಾನದಲ್ಲಿ ಒಂದೇ ಸಲ. ಮುಂದೆ ಆ ಹಸು ಕಂದು ಹಾಕಿ ರಕ್ತ ಪರೀಕ್ಷೆಗೆ ಕಳಿಸಿದಾಗ, ಲಸಿಕೆ ಆಗಿತ್ತೇ ಎಂಬುದು ತಿಳಿಯದಿದ್ದರೆ ವರದಿಯನ್ನು ಸರಿಯಾಗಿ ಓದಲಾಗದು. ಬಾಟಲಿಯ ಬ್ಯಾಚ್ ಸಂಖ್ಯೆಯನ್ನೂ ಬರೆದಿಡಿ.

5. ಕೊಟ್ಟಿಗೆ ಬಿಡುವ ಮೊದಲೇ ಬರೆಯಿರಿ. ರಾತ್ರಿ ಬರೆದರೆ ಎರಡು ಹಸು ಒಂದಾಗಿಬಿಡುತ್ತವೆ.

6. ದಾಖಲೆಯ ಒಂದು ಪ್ರತಿಯನ್ನು ಕಾರ್ಡಿನಲ್ಲಿ ಬರೆದು ಹಾಲು ಕರೆಯುವವರ ಕೈಗೆ ಕೊಡಿ. ಇಲ್ಲಿ ಹೆಚ್ಚಾಗಿ ಅದು ಮನೆಯ ಹೆಂಗಸರೇ. ಅಂದು ಸೆರಗಿನ ಗಂಟಿನಿಂದ ಚೀಟಿ ತೋರಿಸಿದ ಆ ತಾಯಿ ತಮ್ಮ ಕಾರ್ಡನ್ನು ಡೈರಿ ಪುಸ್ತಕದ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದಾರೆ. ಈಗ ನಾನು ಬೈಕ್ ನಿಲ್ಲಿಸುವಷ್ಟರಲ್ಲಿ, ಕೈ ತೊಳೆಯಲು ಬಿಸಿನೀರು ತರುವ ಮೊದಲೇ, ಅದನ್ನು ತಂದು ನನ್ನ ಮುಂದೆ ಹಿಡಿಯುತ್ತಾರೆ.