ಬಾಗಿಲು ಬಿಚ್ಚುವ ಮೊದಲು

ಪ್ರೀತಿಯ ತಂಗಿ,

ನಿನ್ನ ಪತ್ರ ತಲುಪಿತು. ಶಿಗ್ಗಾಂವಿ ಕಡೆ ಹಳೆಯ ಎಂಎಂ 540 ಜೀಪು ಸಿಕ್ಕಿತು, ಕ್ಯಾನ್ವಾಸಿನ ಹುಡ್ಡು ಬಿಚ್ಚಿ ಕೊಟ್ಟಿಗೆಗೆ ಹಾಕಿದೆ, ಇನ್ನು ಬಾಗಿಲೂ ಕಳಚಿಬಿಡಲೇ ಎಂದು ಕೇಳಿದ್ದೀ. ಹಾನಗಲ್ಲ, ಹಿರೇಕೆರೂರು ಕಡೆಯ ಮೂರ್ನಾಲ್ಕು ಹುಡುಗರೂ ಇದನ್ನೇ ಕೇಳಿದ್ದರಿಂದ ಎಲ್ಲರಿಗೂ ಸಲ್ಲುವಂತೆ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಇಂಥದೇ ಗಾಡಿ ಓಡಿಸಿದ್ದೇನೆ. ಅದರಲ್ಲಿ ಕಲಿತದ್ದಷ್ಟನ್ನೇ ಹೇಳುತ್ತೇನೆ.

ಬಿಚ್ಚು. ಬಿಚ್ಚಲೆಂದೇ ಮಾಡಿದ ಗಾಡಿ ಅದು. 1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ವಿಲ್ಲಿಸ್ ಜೀಪು ತಯಾರಾದಾಗ ಅದಕ್ಕೆ ತಗಡಿನ ಬಾಗಿಲೂ ಇರಲಿಲ್ಲ, ಗಟ್ಟಿ ಮಾಡೂ ಇರಲಿಲ್ಲ. ಮುಂದಿನ ಗಾಜನ್ನು ಕೂಡ ಬಾನೆಟ್ಟಿನ ಮೇಲೆ ಮಲಗಿಸಬಹುದಿತ್ತು. 1940ರ ದಶಕದ ಕೊನೆಗೆ ಮಹೀಂದ್ರದವರು ಅದರ ಬಿಡಿಭಾಗ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸಲು ಶುರುಮಾಡಿದರು. ನಿನ್ನ 540 ಆ ವಂಶದ ಕುಡಿ.

ನಮ್ಮ ಸೀಮೆಗೆ ಇದು ಹೊಸ ವಿದ್ಯೆಯೂ ಅಲ್ಲ. ನಿನ್ನ ಅಜ್ಜನ ಚಕ್ಕಡಿಯನ್ನೇ ನೆನೆಸಿಕೋ. ಗೊಬ್ಬರ ಹೇರುವಾಗ ಅದಕ್ಕೆ ತಟ್ಟಿ ಕಟ್ಟುತ್ತಿದ್ದರು, ಕಟ್ಟಿಗೆ ಹೇರುವಾಗ ತಟ್ಟಿ ಬಿಚ್ಚುತ್ತಿದ್ದರು. ಉಳವಿ ಜಾತ್ರೆಗೆ ಹೊರಟರೆ ಅದೇ ಚಕ್ಕಡಿಯ ಮೇಲೆ ಕಮಾನು ಏರಿ, ಮೇಲೆ ಹೊದಿಕೆ ಬಿದ್ದು, ಕೊಲ್ಲಾರಿ ಬಂಡಿಯಾಗುತ್ತಿತ್ತು. ಜಾತ್ರೆ ಮುಗಿದ ಮೇಲೆ ಆ ಕಮಾನನ್ನು ಯಾರೂ ಹಿತ್ತಿಲಲ್ಲಿ ಒಗೆಯುತ್ತಿರಲಿಲ್ಲ; ಅಟ್ಟದ ಮೇಲೆ ಅದಕ್ಕೊಂದು ಜಾಗ ಇರುತ್ತಿತ್ತು. ಬಿಚ್ಚುವ ಕೈಗೆ ಇಡುವ ಜಾಗವೂ ಗೊತ್ತಿರಬೇಕು. ನೀನು ಹುಡ್ಡನ್ನು ಕೊಟ್ಟಿಗೆಗೆ ಹಾಕಿದೆ ಎಂದಾಗ ನನ್ನ ಎದೆ ಧಸಕ್ಕೆಂದದ್ದು ಅದಕ್ಕೇ.

ಇವತ್ತೇ ಹೋಗಿ ಅದನ್ನು ಹೊರಗೆ ತೆಗೆ. ತೇವ ಇದ್ದರೆ ನೆರಳಲ್ಲಿ ಹರವಿ ಒಣಗಿಸು. ಹಸಿ ಕ್ಯಾನ್ವಾಸು ಸುತ್ತಿಟ್ಟರೆ ಎಂಟು ದಿನದಲ್ಲಿ ಬೂಸು ಹಿಡಿದು, ಹೊಲಿಗೆ ಕೊಳೆಯತೊಡಗುತ್ತದೆ. ಪ್ಲಾಸ್ಟಿಕ್ ಕಿಟಕಿ ಇರುವ ಪರದೆಯನ್ನು ಮಡಚಬೇಡ, ಹಳೆಯ ಪಂಜೆ ನಡುವೆ ಇಟ್ಟು ಚಾಪೆಯಂತೆ ಸುತ್ತು. ಒಣ ಅರಿವೆಯಿಂದ ಅದರ ಧೂಳು ಒರೆಸಿದರೆ ಗೀರು ಬೀಳುತ್ತದೆ, ಮೊದಲು ನೀರು ಹಾಕು. ಬಾಗಿಲುಗಳನ್ನು ಗೋಡೆಗೆ ಆನಿಸಿ, ಕೆಳಗೆ ಕಂಬಳಿ ಹಾಕಿ ನಿಲ್ಲಿಸು. ಅವುಗಳ ಪಿನ್ನು, ವಾಷರು ಒಂದು ಡಬ್ಬಿಯಲ್ಲಿರಲಿ, ಎಡದ್ದು ಬಲದ್ದು ಎಂದು ಗುರುತು ಹಾಕು. ಮಳೆ ಬರುವ ಹೊತ್ತಿಗೆ ಒಂದು ಪಿನ್ನಿಗಾಗಿ ಮಿಸ್ತ್ರಿಯ ಬಾಗಿಲು ಕಾಯುವುದು ತಪ್ಪುತ್ತದೆ.

ಮಳೆಯ ಮಾತು ಬಂತು. ನನ್ನದೊಂದು ತಪ್ಪು ಹೇಳುತ್ತೇನೆ. ಅದನ್ನು ಹೇಳಲೆಂದೇ ಇಷ್ಟು ಉದ್ದದ ಪತ್ರ.

ಆಶ್ಲೇಷ ಮಳೆ. ಸವಣೂರಿನಿಂದ ಮರಳುತ್ತಿದ್ದೆ. ಬಾಗಿಲು ಹಾಕಿ, ಪರದೆಯ ಗುಂಡಿಗಳನ್ನೆಲ್ಲ ಬಿಗಿದು ಬೆಚ್ಚಗೆ ಕೂತಿದ್ದೆ. ಪಕ್ಕದ ಪ್ಲಾಸ್ಟಿಕ್ಕು ಎರಡು ವರ್ಷದಿಂದ ಹಳದಿಯಾಗಿತ್ತು, ಬದಲಿಸಿದರಾಯಿತು ಎಂದು ದಿನ ದೂಡಿದ್ದೆ. ಒಳಗೆ ಉಸಿರಿನ ಆವಿ, ಹೊರಗೆ ಮಳೆ. ಒಂದು ತಿರುವಿನಲ್ಲಿ ಏನೋ ಸವರಿದಂತಾಯಿತು. ಇಳಿದು ನೋಡಿದರೆ ಮೇವಿನ ಹೊರೆ ರಸ್ತೆಗೆ ಬಿದ್ದಿದೆ, ಹೊತ್ತಿದ್ದ ಮುದುಕಿ ಬದುವಿನ ಕೆಳಗೆ ಕೂತಿದ್ದಾಳೆ. ದೇವರು ದೊಡ್ಡವನು, ಪೆಟ್ಟಾಗಿರಲಿಲ್ಲ. ಅವಳು ಬೈಯಲಿಲ್ಲ. ಮುಖದ ನೀರು ಒರೆಸಿಕೊಂಡು ಕೇಳಿದಳು: “ನಾ ನಿನಗ ಕಾಣಲಿಲ್ಲೇನಪಾ?”

ಅವಳನ್ನೂ ಹೊರೆಯನ್ನೂ ಮನೆಗೆ ಮುಟ್ಟಿಸಿದೆ. ಆ ಮಾತು ಮಾತ್ರ ನನ್ನ ಗಾಡಿಯಿಂದ ಇಳಿಯಲೇ ಇಲ್ಲ. ಮರುದಿನವೇ ಕಿಟಕಿ ಬದಲಿಸಿದೆ. ಮಳೆ ಇಲ್ಲದ ದಿನ ಬಾಗಿಲು ಬಿಚ್ಚಿ ಓಡಿಸುವ ರೂಢಿಯೂ ಆಗಲೇ ಬಂದದ್ದು. ಬಾಗಿಲಿಲ್ಲದಾಗ ಹಿಂದೆ ಬರುವ ಎತ್ತಿನ ಗೆಜ್ಜೆ ಕೇಳುತ್ತದೆ, ಬದುವಿನ ಮೇಲೆ ನಿಂತ ಮಗು ಕಾಣುತ್ತದೆ, ಎದುರಿಗೆ ನಡೆದು ಬರುವವರ ಮುಖ ಕಾಣುತ್ತದೆ. ತಂಗಿ, ಊರು ನಿನ್ನನ್ನು ನೋಡಲಿ ಎಂದು ಬಾಗಿಲು ಬಿಚ್ಚಬೇಡ. ನೀನು ಊರನ್ನು ನೋಡಲು ಬಿಚ್ಚು. ಉಳಿದ ಬುದ್ಧಿಮಾತೆಲ್ಲ ಇದರ ಬಾಲ.

ಮುಖ ಕಾಣುವಷ್ಟು ನಿಧಾನ ಹೋಗು. ಸುಗ್ಗಿಯಲ್ಲಿ ಹಿರೇಕೆರೂರಿನ ಕಡೆ ಡಾಂಬರು ರಸ್ತೆಯ ಅಂಚಿಗೆ ಗೋವಿನಜೋಳ ಒಣಹಾಕಿರುತ್ತಾರೆ. ನಿನ್ನ ಗಾಲಿ ಅದರ ಮೇಲೆ ಹಾಯ್ದರೆ ಒಬ್ಬರ ವರ್ಷದ ದುಡಿಮೆ ನುಚ್ಚಾಗುತ್ತದೆ. ಕಾಳಿನ ಮೇಲೆ ಬ್ರೇಕು ಒತ್ತಿದರೆ ಜೀಪೂ ಜಾರುತ್ತದೆ. ರಾಶಿಯ ಪಕ್ಕದಲ್ಲಿ ನಿದ್ದೆ ಹೋದವರಿದ್ದಾರೆಯೇ ಎಂದು ರಾತ್ರಿ ಕಣ್ಣಿಟ್ಟು ನೋಡು. ಅದೇ ಕಡೆ ಗುಡ್ಡಗಳ ನಡುವಿನ ಮದಗ ಮಾಸೂರ ಕೆರೆಗೆ ಹೋದಾಗ ಗಾಡಿಯನ್ನು ನೀರಿಗೆ ಇಳಿಸಿ ಫೋಟೊ ತೆಗೆಸಿಕೊಳ್ಳಬೇಡ. ಅದು ದನ ಕುಡಿಯುವ ನೀರು. ದಂಡೆಯಲ್ಲಿ ನಿಲ್ಲಿಸಿ ನಡೆದು ಹೋಗು.

ಸವಣೂರಿನ ಎರಿ ಭೂಮಿ ಬೇರೆಯದೇ ಪಾಠ ಕಲಿಸುತ್ತದೆ. ಮಳೆ ಬಿದ್ದ ಎರಿ ಟಾಯರಿಗೆ ಅಂಟಿ, ಮಡ್‌ಗಾರ್ಡಿನ ಒಳಗೆ ತುಂಬಿ, ಗಾಲಿಯನ್ನೇ ಹಿಡಿದುಬಿಡುತ್ತದೆ. ಅಲ್ಲಿ ನಾಲ್ಕೂ ಗಾಲಿಯ ಬಲ ಹಾಕಿದರೂ ನಾಲ್ಕೂ ಗಾಲಿ ಹೂತುಕೊಳ್ಳುತ್ತವೆ, ಅಷ್ಟೇ. ದಾಟಿದರೂ ನೀನು ಕೊರೆದ ಗಾಡಿಜಾಡು ಬಿಸಿಲಿಗೆ ಕಲ್ಲಾಗುತ್ತದೆ, ಮುಂದೆ ಎತ್ತಿನ ಕಾಲು ಉಳುಕುವುದು ಅದರಲ್ಲಿಯೇ. ಎರಡು ದಿನ ಬಿಸಿಲು ಬೀಳಲಿ, ಕಾಯು. ಕಾಯುವಾಗ ಸವಣೂರಿನ ಮಠದ ದೊಡ್ಡಹುಣಸೆ ನೋಡಿಕೊಂಡು ಬಾ. ಬಾವೋಬಾಬ್ ಎನ್ನುವ ಆಫ್ರಿಕಾದ ಮರಗಳು ಅವು, ಇಲ್ಲಿಯವೇ ಆಗಿ ನಿಂತಿವೆ.

ಹಾನಗಲ್ಲ ಮಲೆನಾಡಿನ ಸೆರಗು. ಭತ್ತದ ಗದ್ದೆಯ ನಡುವೆ ಹೋಗುವಾಗ ಆಕಾಶ ತಿಳಿಯಾಗಿದೆ ಎಂದು ಹುಡ್ಡು ಮನೆಯಲ್ಲಿ ಬಿಟ್ಟು ಹೊರಡಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಗಾಡಿಯ ಮೇಲೇ ಇರಲಿ. ನೆನೆದ ಮೇಲೆ ನೆಲದ ಮ್ಯಾಟು ಎತ್ತಿ, ನೀರು ಇಳಿಯುವ ತೂತುಗಳಲ್ಲಿ ಕೆಸರು ಸಿಕ್ಕಿದೆಯೇ ನೋಡು. ಜೀಪಿನ ನೆಲ ತುಕ್ಕು ಹಿಡಿಯುವುದು ಮ್ಯಾಟಿನ ಕೆಳಗಿನಿಂದ. ವರದೆ, ಧರ್ಮೆ ತುಂಬಿ ಸೇತುವೆಯ ಮೇಲೆ ಹರಿಯುವಾಗ ಜೀಪು ಎಂಬ ಧೈರ್ಯ ಬೇಡ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿಂದ ಕಾಣುವುದಿಲ್ಲ. ತಿರುಗಿ ಬಾ.

ಶಿಗ್ಗಾಂವಿಯಲ್ಲಿ ನಿನ್ನ ಮನೆಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. ಅದು ಬಾಗಿಲಿಲ್ಲದ ಗಾಡಿಯ ರಸ್ತೆಯಲ್ಲ. ಲಾರಿಯ ಗಾಳಿ ಬಡಿದರೆ ಸ್ಟಿಯರಿಂಗು ನಡುಗುತ್ತದೆ, ಹುಡ್ಡಿನ ಒಂದು ಗುಂಡಿ ಬಿಟ್ಟರೆ ಉಳಿದವೂ ಬಿಡುತ್ತವೆ. ಹೆದ್ದಾರಿ ಹಿಡಿಯುವುದಿದ್ದರೆ ಬಾಗಿಲು ಹಾಕಿಯೇ ಹೊರಡು. ಒಣ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿ ಓಡಿಸಬೇಡ, ತಿರುವಿನಲ್ಲಿ ಮುಂದಿನ ಹಿಂದಿನ ಗಾಲಿಗಳ ಲೆಕ್ಕ ಕೂಡದೆ ಗೇರುಗಳಿಗೆ ಹೊರೆ ಬೀಳುತ್ತದೆ.

ಇನ್ನು ಜೀವದ ಮಾತು. ಬಾಗಿಲಿಲ್ಲದ ಗಾಡಿಯಲ್ಲಿ ನಿನ್ನನ್ನು ಹಿಡಿದಿಡುವುದು ಸೀಟು ಬೆಲ್ಟು ಒಂದೇ. ಇಲ್ಲದಿದ್ದರೆ ಮೊದಲು ಅದನ್ನು ಗಟ್ಟಿಯಾಗಿ ಹಾಕಿಸು, ಆಮೇಲೆ ಬಾಗಿಲಿಗೆ ಕೈ ಹಚ್ಚು. ಹುಡ್ಡಿನ ಕಮಾನು ಬಟ್ಟೆ ಹೊರುವುದಕ್ಕಷ್ಟೇ, ಜೀಪು ಮಗುಚಿದರೆ ತಲೆ ಕಾಯುವುದಿಲ್ಲ. ಕನ್ನಡಿ ಬಾಗಿಲಿನ ಮೇಲಿದ್ದರೆ ಬಾಗಿಲಿನ ಜೊತೆ ಅದೂ ಹೋಗುತ್ತದೆ. ಗಾಜಿನ ಚೌಕಟ್ಟಿಗೆ ಬೇರೆ ಕೂಡಿಸಿಕೋ. ಬಾಗಿಲು ಬಿಚ್ಚಿದ ದಿನ ಹಿಂದಿನ ಬೆಂಚಿನಲ್ಲಿ ಮಕ್ಕಳು ಬೇಡ, ಎಷ್ಟೇ ಹಟ ಮಾಡಲಿ.

ಬಿಚ್ಚಲೆಂದು ಮಾಡಿದ್ದನ್ನು ಬಿಚ್ಚುವುದು ಬೇರೆ, ಕೊಯ್ದು ಬೆಸೆಯುವುದು ಬೇರೆ. ಕಂಪನಿ ಮಾಡಿಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಡಿಯನ್ನು ಅದರ ಮೂಲ ರೂಪದಲ್ಲೇ ಇಟ್ಟುಕೊಂಡರೆ ತಪಾಸಣೆಗೆ ಹೋಗುವಾಗ ಎದೆ ಬಡಿದುಕೊಳ್ಳುವುದಿಲ್ಲ. ಹೊಸ ಥಾರ್ ಕೊಂಡ ನಿನ್ನ ಗೆಳೆಯನಿಗೂ ತಿಳಿಸು: ಬಟ್ಟೆಯ ಹುಡ್ಡಿದ್ದರೆ ಮಡಚಲಿ, ಆದರೆ ಅದರ ಬಾಗಿಲಿನೊಳಗೆ ತಂತಿ, ಮೋಟರು ಎಲ್ಲ ಇವೆ, ಹಳೆಯ ಜೀಪಿನಂತೆ ಎತ್ತಿ ತೆಗೆಯುವ ಬಾಗಿಲಲ್ಲ ಅದು.

ಕಾರಹುಣ್ಣಿಮೆಗೆ ಊರಿಗೆ ಬಾ. ಪಿನ್ನಿನ ಡಬ್ಬಿ ತರುವುದು ಮರೆಯಬೇಡ, ಇಬ್ಬರೂ ಕೂಡಿ ಬಾಗಿಲು ಏರಿಸಿ ಇಳಿಸಿ ನೋಡೋಣ. ಆಮೇಲೆ ಸವಣೂರ ಹಾದಿಯಲ್ಲಿ ಆ ತಿರುವಿನವರೆಗೆ ಹೋಗಿ ಬರೋಣ, ಗಾಡಿ ನೀನೇ ಓಡಿಸು. ಹೊರೆ ಹೊತ್ತವರು ಯಾರಾದರೂ ಎದುರಾದರೆ ನಿಲ್ಲಿಸಿ, ಎಲ್ಲಿಗೆ ಹೊರಟಿರಿ ಎಂದು ಕೇಳು.

ಇತಿ ನಿನ್ನ
ಕಾಕಾ