ಬೇಡ ಎನ್ನುವ ಹಕ್ಕೂ ಸಂಘಕ್ಕಿರಲಿ

ಹೊಸ ತಳಿ, ಹೊಸ ಕೂರಿಗೆ, ಹೊಸ ಪದ್ಧತಿ ಹಿಡಿದು ಹಳ್ಳಿಯ ರೈತರ ಸಂಘಗಳ ಬಳಿಗೆ ಹೊರಟವರಿಗೆ ಕೆಲವು ಮಾತು.

1. ತೊಂದರೆ ಏನೆಂದು ಮೊದಲು ಕೇಳಿ, ಯಂತ್ರ ಆಮೇಲೆ ತನ್ನಿ. 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೆಳೆದರು. ಬೀಜ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಅದಕ್ಕೊಂದು ಯಂತ್ರವನ್ನು ತಾವೇ ಮಾಡಿದರು.

2. ಹೊಸದನ್ನೂ ಹಳೆಯದನ್ನೂ ಒಂದೇ ಹೊಲದಲ್ಲಿ, ಒಂದೇ ದಿನ ಬಿತ್ತಿಸಿ. ಗೊಬ್ಬರವೂ ಅಷ್ಟೇ ಇರಲಿ.

3. ಊರು ನೋಡಿ ಪರೀಕ್ಷೆ ಇಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ಸೋಯಾಬೀನ್ ತುಕ್ಕುರೋಗ ತಡೆಯುವ ತಳಿ. ಕಲಘಟಗಿಯಂಥ ಮಳೆ ಹೆಚ್ಚಿನ ಸೀಮೆಯಲ್ಲಿ ಅದರ ಕಸುವು ಗೊತ್ತಾದೀತು. ರೋಗವೇ ಬಾರದ ಹೊಲದಲ್ಲಿ ಎಲ್ಲ ತಳಿಯೂ ಪಾಸು!

4. ಎಕರೆಗೆ ಎಷ್ಟು ಚೀಲ ಎಂಬಲ್ಲಿಗೇ ನಿಲ್ಲಬೇಡಿ. ಬಿಳಿಜೋಳದ ಕಾಳು ಎಷ್ಟು ಬಂದರೇನು, ರೊಟ್ಟಿ ಬಡಿಯುವಾಗ ಹರಿದರೆ, ಕಣಿಕೆಯನ್ನು ಎತ್ತು ಮೂಸಿ ಬಿಟ್ಟರೆ? ಆ ತಳಿ ಎರಡನೇ ವರ್ಷ ಹೊಲಕ್ಕಿಳಿಯುವುದಿಲ್ಲ. ರೊಟ್ಟಿಯ ಅಂಕ ಕೊಡಬೇಕಾದವರು ಹೆಣ್ಣುಮಕ್ಕಳು. ಕಳೆ ತೆಗೆಯುವವರೂ ಕಾಳು ಹಸನು ಮಾಡುವವರೂ ಅವರೇ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ನೋಡಿ: ಸಹಜ ಸಮೃದ್ಧ ಸಂಸ್ಥೆಯ ಬೆಂಬಲದಲ್ಲಿ ಬೀಜ ಬ್ಯಾಂಕ್, ಸಿರಿಧಾನ್ಯದ ಮಿಶ್ರಬೆಳೆ, ಸಂಸ್ಕರಣೆ ಎಲ್ಲಕ್ಕೂ ಕೈಹಾಕಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಗೆದ್ದರು. ಇಂಥವರನ್ನು ಸಭೆಗೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರೆ ಕರೆದೂ ಕರೆಯದಂತೆ.

5. ಬೆಳೆ ಕೈಕೊಟ್ಟರೆ ನಷ್ಟ ಯಾರದು? ಬಿತ್ತುವ ಮೊದಲೇ ಸಂಘದ ಠರಾವು ಪುಸ್ತಕದಲ್ಲಿ ಬರೆಯಿರಿ.

6. ಹೂವಿನ ಹೊತ್ತಿಗೆ ಕ್ಷೇತ್ರೋತ್ಸವ ಮಾಡಿ, ಫೋಟೊ ತೆಗೆಸಿಕೊಂಡು ಜೀಪು ಹತ್ತುವವರೇ ಜಾಸ್ತಿ. ರಾಶಿಯ ದಿನ ಬನ್ನಿ. ನವಲಗುಂದದ ಹೆಸರು ಬೆಳೆ ಕೊಯ್ಲಿಗೆ ಬರುವ ಹೊತ್ತಿಗೇ ಮಳೆ ಹಿಡಿದರೆ ಕಾಯಲ್ಲೇ ಮೊಳಕೆ. ಕಾಯಿ ಒಟ್ಟಿಗೆ ಮಾಗಿತೇ, ಯಂತ್ರಕ್ಕೆ ಸಿಕ್ಕಿತೇ ಎಂಬುದು ಆಗಲೇ ಕಾಣುವುದು.

7. ಸಂಘ ಬೇಡವೆಂದರೆ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ರೈತರಿಗೆ ತಿಳಿವಳಿಕೆ ಸಾಲದು" ಎಂದು ವರದಿ ಮುಗಿಸುವುದು ಸೋಮಾರಿತನ. "ಹಸಿ ಎರಿ ಮೆತ್ತಿ ಕೂರಿಗೆ ಕಟ್ಟಿಕೊಂಡಿತು" ಎಂಬ ಒಂದು ಸಾಲು ಯಂತ್ರ ಮಾಡಿದವರಿಗೆ ಮುಟ್ಟಲಿ. ತಿದ್ದಿದ ಮೇಲೆ ಮುಂದಿನ ಹಂಗಾಮಿಗೆ ಅದೇ ಸಂಘದ ಕೈಗೆ ಮರಳಿ ಕೊಡಿ.